ಪಟ್ಟಿಯೊಳಗಿನ ಬಂಡೆ, ಪಟ್ಟಿಯಾಚೆಯ ಕೆರೆ

ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆ ಎನಿಸಿಕೊಂಡದ್ದು 1997ರಲ್ಲಿ. ಮೂರು ದಶಕ ತುಂಬುತ್ತ ಬಂದಿರುವ ಈ ಹೊತ್ತಿನಲ್ಲಿ ರಸ್ತೆ ಎಷ್ಟಾಯಿತು, ಶಾಲೆ ಎಷ್ಟಾದವು, ಏತ ನೀರಾವರಿ ಎಲ್ಲಿಗೆ ಬಂತು ಎಂಬ ಲೆಕ್ಕವನ್ನು ಎಲ್ಲರೂ ಹಾಕುತ್ತಾರೆ. ಹಾಕಲೇಬೇಕು. ಇನ್ನೊಂದು ಲೆಕ್ಕ ಮಾತ್ರ ಉಳಿದೇ ಹೋಗಿದೆ. ಬಂಡೆ, ಹಳ್ಳ, ಕೆರೆ, ಕಾಲುವೆ, ಕುರಿದಾರಿ, ಗುಡಿ, ದರ್ಗಾ ಎಲ್ಲ ಸೇರಿ ಆದ ಈ ನೆಲವನ್ನು ಎಷ್ಟೋ ತಲೆಮಾರು ಕೈಯಾಡಿಸಿ ರೂಪಿಸಿಕೊಂಡು ಬಂದಿವೆ. ಅದನ್ನು ನಾವು ಎಷ್ಟು ತಿಳಿದುಕೊಂಡೆವು, ಎಷ್ಟು ಉಳಿಸಿಕೊಂಡೆವು, ಅದನ್ನು ಕೆಡಿಸದೆ ಬದುಕು ಕಟ್ಟಿಕೊಳ್ಳುವುದನ್ನು ಎಷ್ಟು ಕಲಿತೆವು? ಕುಷ್ಟಗಿ ತಾಲ್ಲೂಕಿನ ತಾವರಗೇರಾದಂಥ ಒಣಬೇಸಾಯದ ಊರಿನಲ್ಲಿ ಕೂತು ಈ ಲೆಕ್ಕಕ್ಕೆ ಇಳಿದರೆ ಬೆಂಗಳೂರಿನಲ್ಲಿ ಕೂತು ಹಾಕಿದ್ದಕ್ಕಿಂತ ಬೇರೆಯದೇ ಉತ್ತರ ಬರುತ್ತದೆ.

ಇಂಥ ನೆಲವನ್ನು ‘ಸಾಂಸ್ಕೃತಿಕ ಭೂದೃಶ್ಯ’ ಎಂದು ಜಗತ್ತು ಮಾನ್ಯ ಮಾಡಿದ್ದು 1992ರಲ್ಲಿ, ಅಮೆರಿಕದ ಸಾಂತಾ ಫೆಯಲ್ಲಿ ಸೇರಿದ ವಿಶ್ವ ಪರಂಪರೆ ಸಮಿತಿಯ ಸಭೆಯಲ್ಲಿ. ಅಲ್ಲಿಯವರೆಗೆ ಸ್ಮಾರಕದ ಕಡತ ಬೇರೆ, ಕಾಡು-ಬೆಟ್ಟದ ಕಡತ ಬೇರೆ. ಮನುಷ್ಯ ಉತ್ತು ಬಿತ್ತು, ಕೆರೆ ಕಟ್ಟಿ, ದೇವರ ಹೆಸರಿಟ್ಟು ಬಾಳಿದ ನೆಲಕ್ಕೆ ಕಡತವೇ ಇರಲಿಲ್ಲ. ಉದ್ಯಾನದಂತೆ ಬೇಕೆಂದೇ ರೂಪಿಸಿದ್ದು, ದುಡಿಮೆಯಿಂದ ತಾನಾಗಿ ಬೆಳೆದು ಬಂದದ್ದು, ನಂಬಿಕೆಯಿಂದಲೇ ಅರ್ಥ ಪಡೆದದ್ದು ಎಂದು ಆಗ ಮೂರು ಬಗೆ ಮಾಡಿದರು. ದೇಶದಲ್ಲಿ ಭೀಮಬೇಟ್ಕಾದ ಕಲ್ಲಾಸರೆಗಳು 2003ರಲ್ಲಿ ಈ ಲೆಕ್ಕದಲ್ಲಿ ಪಟ್ಟಿ ಸೇರಿದವು.

ಹಂಪಿ ಪಟ್ಟಿ ಸೇರಿದ್ದು 1986ರಲ್ಲಿ, ಈ ವರ್ಗ ಹುಟ್ಟುವುದಕ್ಕೆ ಆರು ವರ್ಷ ಮೊದಲು. ಹಾಗಾಗಿ ಅದು ‘ಸ್ಮಾರಕಗಳ ಸಮೂಹ’ ಎಂದೇ ದಾಖಲಾಯಿತು. ಕಾಗದದ ಮೇಲಿನ ಈ ಸಣ್ಣ ವ್ಯತ್ಯಾಸ ಮುಂದೆ ಬಹಳ ದೊಡ್ಡದಾಯಿತು. ಸ್ಮಾರಕ ಎಂದಮೇಲೆ ಸುತ್ತಲೂ ಬೇಲಿ ಹಾಕಬಹುದು, ಕಾವಲುಗಾರನನ್ನು ಇಡಬಹುದು. ಕಲ್ಲುಗುಡಿಯ ಬದಿಯಲ್ಲೇ ಬಾಳೆ ಬೆಳೆಯುವವನನ್ನು, ಐನೂರು ವರ್ಷದ ಕಾಲುವೆಯಿಂದ ಇವತ್ತೂ ನೀರು ಕಟ್ಟುವವನನ್ನು ಏನು ಮಾಡಬೇಕು? ಮೊದಮೊದಲು ಇದಕ್ಕೆ ಉತ್ತರ ಯಾರಲ್ಲೂ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ ಎಂಬುದು ನನ್ನ ಅನುಮಾನ.

ಆನೆಗೊಂದಿಯ ಸೇತುವೆಯ ಕತೆಯನ್ನೇ ತೆಗೆದುಕೊಳ್ಳಿ. ನದಿಯ ಆಚೆ ಹಂಪಿ, ಈಚೆ ನಮ್ಮ ಗಂಗಾವತಿ ಸೀಮೆ. ಆಗ ದಾಟಲು ಇದ್ದದ್ದು ಹರಿಗೋಲು, ಹೊಳೆ ಬಂದರೆ ಅದೂ ಇಲ್ಲ. ತಳವಾರಘಟ್ಟದಲ್ಲಿ ವಾಹನಗಳಿಗೊಂದು ಸೇತುವೆ, ವಿರೂಪಾಪುರ ಗಡ್ಡಿಗೆ ಒಂದು ಕಾಲುಸೇತುವೆ ಕಟ್ಟುವ ಕೆಲಸ ಶುರುವಾಯಿತು. ಇದರಿಂದ ಪರಂಪರೆಯ ನೋಟ ಕೆಡುತ್ತದೆಂದು ಯುನೆಸ್ಕೊ 1999ರಲ್ಲಿ ಹಂಪಿಯನ್ನು ‘ಅಪಾಯದಲ್ಲಿರುವ ತಾಣ’ಗಳ ಪಟ್ಟಿಗೆ ಹಾಕಿತು. ಆ ಕಳಂಕ ಕಳೆದದ್ದು 2006ರಲ್ಲಿ. ಮತ್ತೆ ಕೈಗೆತ್ತಿಕೊಂಡ ಆನೆಗೊಂದಿ ಸೇತುವೆ 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಕುಸಿದು, ಹೊಟ್ಟೆಪಾಡಿಗೆ ಬಂದ ಕೂಲಿಗಳು ಸತ್ತರು. ನೋಟ ಕೆಟ್ಟೀತೆಂಬ ಚರ್ಚೆಗೆ ಹತ್ತು ವರ್ಷ ಹಿಡಿದಿತ್ತು. ಸತ್ತವರ ಸುದ್ದಿ ಹತ್ತು ದಿನವೂ ಉಳಿಯಲಿಲ್ಲ. ಕೊನೆಗೆ ಕೆಳಗಡೆ, ಕಡೆಬಾಗಿಲು ಮತ್ತು ಬುಕ್ಕಸಾಗರದ ನಡುವೆ, ಸ್ಮಾರಕಗಳಿಂದ ದೂರವಾಗಿ ಸೇತುವೆ ಬಂತು. ಆ ಜಾಗವನ್ನು ಮೊದಲೇ ಹುಡುಕಬಹುದಿತ್ತಲ್ಲವೇ ಎಂಬ ಪ್ರಶ್ನೆಯನ್ನು ಆನೆಗೊಂದಿಯವರು ಕೇಳಿದರೆ ತಪ್ಪೇನಿಲ್ಲ.

ಅದೇ ಹೊತ್ತಿಗೆ ಜರ್ಮನಿಯ ಡ್ರೆಸ್ಡನ್‌ನಲ್ಲೂ ಸೇತುವೆಯದೇ ಜಗಳ ನಡೆದಿತ್ತು. ಎಲ್ಬ್ ನದಿಯ ಕಣಿವೆ 2004ರಲ್ಲಿ ಸಾಂಸ್ಕೃತಿಕ ಭೂದೃಶ್ಯವೆಂದೇ ಪಟ್ಟಿ ಸೇರಿತು. ಸೇತುವೆ ಬೇಕೋ ಬೇಡವೋ ಎಂದು 2005ರಲ್ಲಿ ಊರವರ ಮತ ಕೇಳಿದರು. ಬೇಕೆಂದರು. ಕಟ್ಟಲು ತೊಡಗಿದರು. 2009ರಲ್ಲಿ ಯುನೆಸ್ಕೊ ಕಣಿವೆಯ ಹೆಸರನ್ನೇ ಪಟ್ಟಿಯಿಂದ ಹೊಡೆದುಹಾಕಿತು. ಅವರು ಮಾಡಿದ್ದು ಸರಿಯೋ ತಪ್ಪೋ, ಊರವರನ್ನು ಒಮ್ಮೆ ಕೇಳಿಯಂತೂ ಮಾಡಿದರು. ಇಲ್ಲಿ ನಮ್ಮನ್ನು ಯಾರೂ ಕೇಳಲಿಲ್ಲ. ಸೇತುವೆ ಬರುತ್ತದೆಂದು ಒಬ್ಬರು ಹೇಳಿದರು, ಬರುವುದಿಲ್ಲವೆಂದು ಇನ್ನೊಬ್ಬರು ಹೇಳಿದರು, ಜನ ಹರಿಗೋಲು ಹತ್ತಿದರು.

ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ 2002ರ ಕಾಯ್ದೆಯಿಂದ ರೂಪುಗೊಂಡಿತು. ನದಿಯ ಎರಡೂ ದಡದ 29 ಗ್ರಾಮಗಳು ಅದರ ವ್ಯಾಪ್ತಿಗೆ ಬಂದವು. ಗುಡಿ-ಗೋಪುರಗಳ ಜತೆ ಹಳ್ಳಿ, ಹೊಲ, ಬೆಟ್ಟಗಳನ್ನೂ ಕಾನೂನು ಒಂದೇ ಕಣ್ಣಿನಿಂದ ನೋಡಿದ್ದು ದೇಶದಲ್ಲಿ ಅಪರೂಪ, ಅದನ್ನು ಮೆಚ್ಚಲೇಬೇಕು. ಆಮೇಲೆ ನಡೆದದ್ದು ಮಾತ್ರ ಹೆಚ್ಚಾಗಿ ತೆರವು. 2011ರಲ್ಲಿ ಹಂಪಿ ಬಜಾರಿನ ಕಲ್ಲುಮಂಟಪಗಳಲ್ಲಿದ್ದ ಮುನ್ನೂರಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಿದರು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದೇ ತಡ, ಮರುತಿಂಗಳು ವಿರೂಪಾಪುರ ಗಡ್ಡಿಯ ರೆಸಾರ್ಟುಗಳು ನೆಲಕ್ಕೆ ಬಿದ್ದವು. ಗಡ್ಡಿಯ ವ್ಯವಹಾರದಲ್ಲಿ ಕಾನೂನು ಮೀರಿದ್ದು ಸಾಕಷ್ಟಿತ್ತು, ಅದಕ್ಕೆ ಕಣ್ಣೀರು ಹಾಕಬೇಕಿಲ್ಲ. ಆದರೆ ಆ ಸುತ್ತಿನ ಹಳ್ಳಿಗಳವರಿಗೆ ಮನೆಗೊಂದು ಕೋಣೆ ಏರಿಸುವುದೂ ಕಚೇರಿ ಅಲೆದಾಟವಾಯಿತು. ಪರಂಪರೆ ಎಂದರೆ ‘ಬೇಡ’ ಎನ್ನುವ ಇಲಾಖೆ ಎಂಬ ಭಾವ ಅಲ್ಲಿ ಬೇರೂರಿತು. ಮೂರು ದಶಕದಲ್ಲಿ ನಮಗಾದ ದೊಡ್ಡ ನಷ್ಟಗಳಲ್ಲಿ ಇದೂ ಒಂದು.

ಇಷ್ಟಕ್ಕೂ ಹಂಪಿ-ಆನೆಗೊಂದಿಯ ನೆಲದಲ್ಲಿ ನಿಜಕ್ಕೂ ಜೀವಂತವಾಗಿರುವುದು ಯಾವುದು? ನನ್ನನ್ನು ಕೇಳಿದರೆ ಕಾಲುವೆ. ಐವತ್ತರ ನೋಟಿನ ಮೇಲಿನ ಕಲ್ಲಿನ ತೇರು ಎಲ್ಲರಿಗೂ ಗೊತ್ತು, ಅದು ಉರುಳುವುದಿಲ್ಲ. ಹಂಪಿ ಕಡೆಯ ತುರ್ತು ಕಾಲುವೆ ಇಂದಿಗೂ ಹರಿಯುತ್ತದೆ. ನಮ್ಮ ದಡದಲ್ಲಿ ಹುಲಿಗಿ, ಶಿವಪುರ, ಆನೆಗೊಂದಿ, ಮೇಲಿನ ಗಂಗಾವತಿ, ಕೆಳಗಿನ ಗಂಗಾವತಿ ಕಾಲುವೆಗಳು ವಿಜಯನಗರದ ಕಾಲದಿಂದ ನೀರು ಹಾಯಿಸುತ್ತ ಬಂದಿವೆ. ಇವುಗಳ ಹಳೆಯ ಅಣೆಕಟ್ಟುಗಳನ್ನು ಬೇಸಿಗೆಯಲ್ಲಿ ಹತ್ತಿರ ಹೋಗಿ ನೋಡಬೇಕು. ಹೊಳೆಗೆ ಅಡ್ಡಲಾಗಿ ನೆಟ್ಟಗೆ ಗೋಡೆ ಎಳೆದಿಲ್ಲ. ನದಿಯೊಳಗಿನ ಬಂಡೆಯಿಂದ ಬಂಡೆಗೆ, ಅಲ್ಲಿಂದ ನಡುಗಡ್ಡೆಗೆ, ಸೊಟ್ಟಸೊಟ್ಟಾಗಿ, ಒಬ್ಬನಿಂದ ಅಲುಗಿಸಲಾಗದ ಕಲ್ಲುಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಪೇರಿಸಿದ್ದಾರೆ. ಹೊಳೆಯನ್ನು ತಡೆದು ನಿಲ್ಲಿಸುವ ಹಟ ಅದಕ್ಕಿಲ್ಲ. ನೀರನ್ನು ಒಂದಿಷ್ಟು ಎತ್ತರಿಸಿ, ಕಾಲುವೆಗೆ ಬೇಕಾದಷ್ಟನ್ನು ಬದಿಗೆ ತಿರುಗಿಸಿ, ಉಳಿದದ್ದನ್ನು ಮೇಲಿಂದ ಹರಿಯಲು ಬಿಡುತ್ತದೆ. ಮಹಾಪೂರ ಬಂದಾಗ ಮುಳುಗುತ್ತದೆ, ಇಳಿದಾಗ ಏಳುತ್ತದೆ.

ಅಮೆರಿಕದ ಪುರಾತತ್ವಜ್ಞೆಯರಾದ ಕ್ಯಾಥ್ಲೀನ್ ಮಾರಿಸನ್ ಮತ್ತು ಕಾರ್ಲಾ ಸಿನೊಪೊಲಿ 1987ರಿಂದ ಹತ್ತು ವರ್ಷ ಹಂಪಿಯ ಸುತ್ತಲ ಹೊಲ-ಗುಡ್ಡಗಳನ್ನು ಕಾಲ್ನಡಿಗೆಯಲ್ಲಿ ಶೋಧಿಸಿದರು. ಅರಮನೆ, ಗುಡಿಗಳನ್ನು ಬಿಟ್ಟು ಒಡ್ಡು, ಕೆರೆ, ದಾರಿ, ಹಟ್ಟಿಗಳನ್ನು ಗುರುತಿಸಿದರು. 2009ರಲ್ಲಿ ಬಂದ ಮಾರಿಸನ್ನರ ದರೋಜಿ ಕಣಿವೆಯ ಕುರಿತ ಪುಸ್ತಕ ನಮಗೆ ಕಹಿಯಾದೀತು, ಆದರೂ ಓದಬೇಕಾದದ್ದು. ನಾಡಿನ ಹಳೆಯ ಕೆರೆಗಳೆಲ್ಲ ಪೂರ್ವಿಕರ ಜಾಣತನದ ಗುರುತು, ಅವು ಕೆಟ್ಟದ್ದು ಇತ್ತೀಚೆಗೆ ಎಂದು ಭಾಷಣದಲ್ಲಿ ಹೇಳುತ್ತೇವಲ್ಲ, ಅದು ಅರ್ಧ ಮಾತ್ರ ನಿಜ. ವಿಜಯನಗರದ ಕಾಲದಲ್ಲೇ ಎಷ್ಟೋ ಕೆರೆಗಳು ಹೂಳು ತುಂಬಿ, ಒಡ್ಡು ಒಡೆದು, ಕೈಬಿಟ್ಟುಹೋಗಿದ್ದವು. ಮಳೆಯನ್ನೇ ನಂಬಿದ ಒಣಸೀಮೆಯ ಕೆರೆ ಹುಟ್ಟಿನಿಂದಲೇ ದುರ್ಬಲ, ಅದಕ್ಕೆ ಎಂದೂ ಮುಗಿಯದ ಚಾಕರಿ ಬೇಕು. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಕೃಷ್ಣದೇವರಾಯನ ಕೆರೆ ಕಟ್ಟುವಲ್ಲಿ ಹದಿನೈದಿಪ್ಪತ್ತು ಸಾವಿರ ಜನ ದುಡಿಯುತ್ತಿದ್ದುದನ್ನು ಕಂಡು ಬರೆದಿಟ್ಟಿದ್ದಾನೆ. ಕಟ್ಟಿಸುವುದಕ್ಕೆ ರಾಯನ ಹುಕುಂ ಸಾಕು. ಉಳಿಸಿಕೊಳ್ಳುವುದಕ್ಕೆ ವರ್ಷವರ್ಷವೂ ಊರೇ ಬೇಕು.

ಕಾಲುವೆಗಳಿಗೂ ಇದೇ ಮಾತು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ವಿಜಯನಗರ ಕಾಲುವೆಗಳ ಆಧುನೀಕರಣ ನಡೆಯಿತು. ಕೊನೆಯಂಚಿನ ರೈತನಿಗೆ ನೀರು ಮುಟ್ಟಲೆಂಬ ಉದ್ದೇಶ ನ್ಯಾಯವಾದದ್ದು. ಆದರೆ ಮಣ್ಣಿನ ಕಾಲುವೆಗೆ ಕಾಂಕ್ರೀಟ್ ಹೊದಿಸಿದಾಗ ದಡದ ಬಾವಿಗಳಿಗೆ ಇಂಗುತ್ತಿದ್ದ ನೀರು, ದಂಡೆಯ ಮರಗಳು, ನೀರಗಂಟಿಯ ಕೆಲಸ ಇವೆಲ್ಲ ಏನಾಗುತ್ತವೆ ಎಂಬುದು ಎಂಜಿನಿಯರನ ಅಂದಾಜುಪಟ್ಟಿಯಲ್ಲಿ ಬರುವುದಿಲ್ಲ. ಸ್ಮಾರಕದ ಒಂದು ಕಲ್ಲು ಜರುಗಿದರೆ ದಿಲ್ಲಿಗೆ ಪತ್ರ ಹೋಗುತ್ತದೆ. ಐನೂರು ವರ್ಷದ ಕಾಲುವೆಯ ತಳಕ್ಕೆ ಸಿಮೆಂಟು ಸುರಿದರೆ ಅದು ಅಭಿವೃದ್ಧಿ.

1953ರಲ್ಲಿ ಮುಗಿದ ತುಂಗಭದ್ರಾ ಜಲಾಶಯವೇ ಈ ಸೀಮೆಯನ್ನು ಎರಡಾಗಿ ಸೀಳಿದ್ದು. ಎಡದಂಡೆ ಕಾಲುವೆ ಹೋದ ಕಡೆ ಗಂಗಾವತಿ, ಕಾರಟಗಿಗಳು ಭತ್ತದ ಕಣಜವಾದವು, ವಲಸೆ ರೈತರ ಕ್ಯಾಂಪುಗಳು ಎದ್ದವು, ಅಕ್ಕಿ ಗಿರಣಿಗಳು ಬಂದವು. ಜೋಳ, ಸಜ್ಜೆ, ಎಳ್ಳಿನ ಹೊಲ ಎರಡು ಬೆಳೆಯ ಭತ್ತದ ಗದ್ದೆಯಾಯಿತು. ಜತೆಗೆ ಸವಳು-ಜವಳೂ ಬಂತು. ಇದರ ಅಧ್ಯಯನಕ್ಕೆಂದೇ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಯೋಜನೆ ನಡೆಯುತ್ತ ಬಂದಿದೆ ಎಂದರೆ ಸಮಸ್ಯೆ ಎಷ್ಟು ಹಳೆಯದೆಂದು ಊಹಿಸಬಹುದು. ಕಾಲುವೆ ಬಾರದ ಕುಷ್ಟಗಿ, ಯಲಬುರ್ಗಾ ಕಡೆ ಮಳೆಯೇ ಗತಿ. ದಾಳಿಂಬೆ ಬಂದು ನಾಲ್ಕು ದಿನ ಕಾಸು ಕಂಡೆವು, ದುಂಡಾಣು ಅಂಗಮಾರಿ ತೋಟಗಳನ್ನು ಬೋಳಿಸಿತು. ಉಳಿದದ್ದು ತೊಗರಿ, ಸಜ್ಜೆ, ಕುರಿ, ಮತ್ತೆ ಗುಳೆ.

ತಾವರಗೇರಾದ ಮಾತು ಇಲ್ಲಿ ಬರಬೇಕು. ಹಂಪಿಗೆ ಕಾಯ್ದೆ, ಪ್ರಾಧಿಕಾರ ಎರಡೂ ಬಂದ ಈ ಅವಧಿಯಲ್ಲಿ ಯಾವ ಪಟ್ಟಿಯಲ್ಲೂ ಇಲ್ಲದ ನಮ್ಮ ಕಡೆ ನಡೆದ ದೊಡ್ಡ ಕೆಲಸ ಹೂಳೆತ್ತಿದ್ದು. ಕೊಪ್ಪಳದ ಗವಿಮಠದ ಗವಿಸಿದ್ಧೇಶ್ವರ ಸ್ವಾಮೀಜಿ 2019ರಲ್ಲಿ ತಾವೇ ಕೆಸರಿಗಿಳಿದು ಹಿರೇಹಳ್ಳದ ಸುಮಾರು 26 ಕಿಲೊಮೀಟರ್ ಪಾತ್ರವನ್ನು ಜನರಿಂದಲೇ ಸ್ವಚ್ಛ ಮಾಡಿಸಿದರು. ಆ ಹುರುಪು ಕುಷ್ಟಗಿ ತಾಲ್ಲೂಕಿಗೂ ಹಬ್ಬಿ ನಿಡಶೇಸಿ ಕೆರೆ, ನಮ್ಮ ಊರಿನ ರಾಯನ ಕೆರೆಗಳಿಗೆ ಜೆಸಿಬಿಗಳು ಇಳಿದವು. ಕೂಲಿಯವರು, ಅಂಗಡಿಕಾರರು, ನೌಕರರು ಕೈಲಾದಷ್ಟು ಕೊಟ್ಟರು. ಡೀಸೆಲ್ಲಿಗೆ ಒಬ್ಬರು, ಊಟಕ್ಕೆ ಒಬ್ಬರು, ಟ್ರ್ಯಾಕ್ಟರಿಗೆ ಇನ್ನೊಬ್ಬರು.

ಕೆರೆಯಿಂದ ತೆಗೆದ ಮಣ್ಣು ಎಲ್ಲಿ ಹೋಗುತ್ತದೆಂಬುದನ್ನು ಗಮನಿಸಿ. ಮಸಾರಿ ಹೊಲದವರು ಆ ಕರಿ ಗೋಡನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗಿ ಹೊಲಕ್ಕೆ ಹರಡುತ್ತಾರೆ. ತೇವ ಹಿಡಿಯದ ಕೆಮ್ಮಣ್ಣಿಗೆ ಅದು ಎರಡು ಮೂರು ಬೆಳೆಗಾಗುವಷ್ಟು ಸತ್ವ. ಮಳೆ ಹೊಲದ ಮೇಲ್ಮಣ್ಣನ್ನು ಕೊಚ್ಚಿ ಕೆರೆಗೆ ತರುತ್ತದೆ, ಮನುಷ್ಯ ಕೆರೆಯಿಂದ ಅದನ್ನು ಹೊಲಕ್ಕೆ ಮರಳಿಸುತ್ತಾನೆ. ಎತ್ತಿನ ಬಂಡಿ ಇದ್ದ ಕಾಲದಲ್ಲಿ ಬೇಸಿಗೆಯ ಬಿಡುವಿನಲ್ಲಿ ಇದು ತಾನಾಗಿಯೇ ನಡೆಯುತ್ತಿತ್ತು, ಯಾರೂ ಅದನ್ನು ಅಭಿಯಾನ ಎನ್ನುತ್ತಿರಲಿಲ್ಲ. ಸಾಂತಾ ಫೆಯಲ್ಲಿ ಕೂತವರು ಹೇಳಿದ, ದುಡಿಮೆಯಿಂದ ಬೆಳೆದು ಇಂದಿಗೂ ಮುಂದುವರಿಯುತ್ತಿರುವ ಭೂದೃಶ್ಯಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಇದನ್ನೇ ಹೊಗಳಿ ನಿಲ್ಲಿಸುವಂತಿಲ್ಲ. ಅಂಗಳ ಅಗೆದದ್ದಾಯಿತು, ಕೆರೆಗೆ ನೀರು ತರುವ ದಾರಿಗಳನ್ನು ಮುಟ್ಟಿದವರು ಕಡಿಮೆ. ಮೇಲಿನ ಹಳ್ಳಗಳು ಒತ್ತುವರಿಯಾದರೆ, ಹೊಲದ ಬದುಗಳು ಸವೆದರೆ, ಬಡಾವಣೆಯ ರಸ್ತೆ ನೀರಿನ ದಾರಿಗೆ ಅಡ್ಡ ಬಂದರೆ ತೆಗೆದ ಹೂಳು ನಾಲ್ಕು ಮಳೆಗೆ ಮತ್ತೆ ಬರುತ್ತದೆ. ಸ್ವಾಮೀಜಿ ಬಂದರೆ ಮಾತ್ರ ನಡೆಯುವ ಕೆಲಸ ಸ್ವಾಮೀಜಿ ಬಾರದ ವರ್ಷ ನಿಲ್ಲುತ್ತದೆ. ಮಾರಿಸನ್ ಹೇಳಿದ ಆ ಮುಗಿಯದ ಚಾಕರಿಗೆ ನಾವು ಇನ್ನೂ ವ್ಯವಸ್ಥೆ ಮಾಡಿಕೊಂಡಿಲ್ಲ.

ಕುರಿಯ ವಿಷಯವೂ ಹೀಗೆಯೇ. ಸುಗ್ಗಿಯಾದ ಮೇಲೆ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸುವುದು, ಅದಕ್ಕೆ ಕುರಿಗಾಹಿಗೆ ಕಾಳೋ ಕಾಸೋ ಕೊಡುವುದು ಇಲ್ಲಿಯ ಹಳೆಯ ಒಪ್ಪಂದ. ಕುರಿ ಇದ್ದಲ್ಲಿ ತೋಳ. ಗಂಗಾವತಿ ತಾಲ್ಲೂಕಿನ ಬಂಕಾಪುರವನ್ನು ಸರ್ಕಾರ ತೋಳಗಳ ಅಭಯಾರಣ್ಯ ಮಾಡಿದೆ, ಸಂತೋಷ. ಆದರೆ ತೋಳ ಇಷ್ಟು ಕಾಲ ಬದುಕಿದ್ದು ಅಭಯಾರಣ್ಯದಿಂದಲ್ಲ. ಬೀಳುನೆಲ, ಹುಲ್ಲುಗಾವಲು ಮತ್ತು ವರ್ಷಕ್ಕೆ ಒಂದೆರಡು ಮರಿ ಹೋದವೆಂದು ಬೈದು ಸುಮ್ಮನಾಗುವ ಕುರಿಗಾಹಿಯಿಂದ. ‘ಪಾಳುಭೂಮಿ’ ಎಂದು ಕಂದಾಯ ದಾಖಲೆಯಲ್ಲಿ ಬರೆದುಕೊಂಡ ಆ ಹುಲ್ಲುಗಾವಲೇ ಸೋಲಾರ್ ಫಲಕಕ್ಕೂ ಗ್ರಾನೈಟ್ ಗಣಿಗೂ ಮೊದಲು ಕಣ್ಣಿಗೆ ಬೀಳುವುದು.

ನೆಲವನ್ನು ಕಾಯುವ ಕೈಗಳೇ ಇಲ್ಲವಾದರೆ ಏನಾಗುತ್ತದೆಂಬುದಕ್ಕೆ ದೂರದ ಒಂದು ಉದಾಹರಣೆ ಇದೆ. ಫಿಲಿಪ್ಪೀನ್ಸಿನ ಕಾರ್ಡಿಲೆರಾ ಬೆಟ್ಟಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಭತ್ತದ ಗದ್ದೆಗಳು 1995ರಲ್ಲಿ ವಿಶ್ವ ಪರಂಪರೆಯಾದವು. ಆರೇ ವರ್ಷಕ್ಕೆ, 2001ರಲ್ಲಿ, ಅಪಾಯದ ಪಟ್ಟಿಗೆ ಬಿದ್ದವು. ಹುಡುಗರು ಪಟ್ಟಣ ಸೇರಿದರು, ಕಲ್ಲುಗೋಡೆ ಕುಸಿದರೆ ಕಟ್ಟುವವರಿಲ್ಲ, ಕಾಲುವೆ ಸೋರಿದರೆ ಮುಚ್ಚುವವರಿಲ್ಲ. ಸಮುದಾಯಗಳೇ ಮತ್ತೆ ಕೈಹಚ್ಚಿದ ಮೇಲೆ 2012ರಲ್ಲಿ ಆ ಪಟ್ಟಿಯಿಂದ ಹೊರಬಂದವು. ನಮ್ಮ ಗುಳೆಯನ್ನು ನಾವು ಬಡತನದ ಲೆಕ್ಕದಲ್ಲಿ ಮಾತ್ರ ಹಿಡಿಯುತ್ತೇವೆ. ಬೆಂಗಳೂರು, ಮಂಗಳೂರು, ಗೋವಾಕ್ಕೆ ಹೋಗುವ ಪ್ರತಿ ಕುಟುಂಬದ ಜತೆ ಒಡ್ಡು ಹಾಕುವ ಕೈ, ಯಾವ ಹಳ್ಳ ಯಾವ ಮಳೆಗೆ ಬರುತ್ತದೆಂಬ ತಿಳಿವಳಿಕೆ ಕೂಡ ಬಸ್ಸು ಹತ್ತುತ್ತವೆ. ಮೊಹರಂ ಅಲಾಯಿಗೆ, ದರ್ಗಾದ ಉರುಸಿಗೆ, ಜಾತ್ರೆಗೆ ಅವರು ತಪ್ಪದೆ ಬರುತ್ತಾರೆ. ಊರು ಅವರನ್ನು ಎಳೆಯುತ್ತದೆ, ಹೊಲ ಹಿಡಿದಿಡುವುದಿಲ್ಲ.

ಹೊಟ್ಟೆಗೂ ನೆಲಕ್ಕೂ ನಂಟು ಕಟ್ಟುವ ಪ್ರಯತ್ನಗಳು ನಡೆದೇ ಇಲ್ಲವೆಂದಲ್ಲ. ಆನೆಗೊಂದಿಯಲ್ಲಿ 1997ರಲ್ಲಿ ಶುರುವಾದ ಕಿಷ್ಕಿಂದಾ ಟ್ರಸ್ಟ್ ಬಾಳೆನಾರಿನ ಕಸುಬನ್ನು ಹೆಂಗಸರ ಕೈಗೆ ಕೊಟ್ಟಿತು. ಗೊನೆ ಕಡಿದ ಮೇಲೆ ತಿಪ್ಪೆಗೆ ಹೋಗುತ್ತಿದ್ದ ದಿಂಡು ಚೀಲ, ಚಾಪೆಯಾಯಿತು. ಕಿನ್ನಾಳದ ಚಿತ್ರಗಾರರ ಗೊಂಬೆಗಳಿಗೆ ಭೌಗೋಳಿಕ ಗುರುತು ಸಿಕ್ಕಿತು, ಹಗುರ ಮರ ಸಿಗುವುದು ಕಷ್ಟವಾಗುತ್ತ ಹೋಯಿತು. ಕಸುಬಿಗೆ ಪ್ರಮಾಣಪತ್ರ ಕೊಡುವವರು ಆ ಮರ ಬೆಳೆಯುವ ಗುಡ್ಡವನ್ನು ಯಾಕೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೋ ತಿಳಿಯದು.

ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಬೃಹತ್ ಶಿಲಾಗೋರಿಗಳ ನೆಲೆ 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿತು. ಊರವರು ‘ಮೊರೇರ ಮನೆ’ ಎನ್ನುವ ಆ ಕಲ್ಮನೆಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಂಡು ಬರೆದಿದ್ದ. ಎರಡೂವರೆ ಸಾವಿರ ವರ್ಷ ಮೀರಿದ ನೂರಾರು ಗೋರಿಗಳು, ಚಪ್ಪಡಿಯಲ್ಲಿ ಕೊರೆದ ದುಂಡು ಕಿಂಡಿಗಳು, ಹೊಡೆದರೆ ದೂರದವರೆಗೆ ಮೊಳಗುವ ನಗಾರಿ ಬಂಡೆ, ಕಲ್ಲು ತೆಗೆದ ಜಾಗದಲ್ಲೇ ನಿಂತ ಕೆರೆ. ಆ ಜನಕ್ಕೂ ಸತ್ತವರ ಪಕ್ಕದಲ್ಲಿ ನೀರು ಬೇಕಾಗಿತ್ತು. ಪಟ್ಟಿ ಖಾಯಂ ಆದರೆ ಸುತ್ತಲ ಹಳ್ಳಿಗಳಿಗೆ ಹಂಪಿಯ ಅನುಭವವೇ ಮರುಕಳಿಸಬಾರದು. ಕಾಯ್ದೆ ಬರೆಯುವ ಮುನ್ನ ಬೆಣಕಲ್ಲಿನ ದನಗಾಹಿಗಳನ್ನು ಒಮ್ಮೆ ಕೂರಿಸಿ ಕೇಳಿದರೆ ಯಾರ ಗಂಟೂ ಹೋಗದು.

ಕೇಳದೇ ಹೋದರೆ ಜನ ತಾವೇ ದನಿ ಎತ್ತುತ್ತಾರೆ. 2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಆಗಿ, ಊರಿಗೂರೇ ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡವೆಂದು ಬೀದಿಗಿಳಿಯಿತು. ಗಿಣಿಗೇರಿ, ಹಿರೇಬಗನಾಳದ ಸುತ್ತ ಬೆಳೆಯ ಮೇಲೆ ಕೂರುವ ಕರಿದೂಳನ್ನು ವರ್ಷಗಟ್ಟಲೆ ಕಂಡವರ ಸಿಟ್ಟು ಅದು. ನೆಲ ಕೆಟ್ಟರೆ ಬದುಕು ಕೆಡುತ್ತದೆಂಬುದನ್ನು ಈ ಜಿಲ್ಲೆ ಪುಸ್ತಕದಿಂದ ಕಲಿತಿಲ್ಲ.

ಕಲಿಸುವ ಕೆಲಸದಲ್ಲಿ ನಾವು ತೀರ ಹಿಂದೆ. ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪೆ ನೋಡಬೇಕು ಎಂಬ ಗಾದೆಯನ್ನು ಇಲ್ಲಿನ ಮಕ್ಕಳು ಒಪ್ಪಿಸುತ್ತಾರೆ. ಶೈಕ್ಷಣಿಕ ಪ್ರವಾಸದ ಬಸ್ಸು ಹಂಪಿಗೆ ಹೋಗಿ ತೇರಿನ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತದೆ. ಊರ ಕೆರೆಯ ತೂಬು ಎಲ್ಲಿದೆ, ಕೋಡಿ ಯಾವ ಕಡೆ, ನೀರು ಯಾವ ಹೊಲಗಳಿಂದ ಬರುತ್ತದೆ ಎಂದು ಅದೇ ಮಕ್ಕಳನ್ನು ಕೇಳಿ ನೋಡಿ. ಮೇಷ್ಟ್ರನ್ನೂ ಕೇಳಿ. ಪುರದ ಕೋಟಿಲಿಂಗಗಳ ಗುಡಿಗೋ ಕಬ್ಬರಗಿಯ ಕಪಿಲತೀರ್ಥಕ್ಕೋ ಕರೆದೊಯ್ದು ಆ ಗುಡಿ ಅಲ್ಲೇ ಯಾಕೆ, ಆ ನೀರು ಎಲ್ಲಿಂದ ಎಂದು ಅರ್ಧ ದಿನ ತಡಕಾಡಿಸಿದರೆ ಖರ್ಚೂ ಕಡಿಮೆ, ಕಲಿಕೆಯೂ ಹೆಚ್ಚು.

ಊರ ಕೆರೆಗೆ ಕೊಡದ ಗಮನವನ್ನು ದೊಡ್ಡ ಜಲಾಶಯಕ್ಕಾದರೂ ಕೊಟ್ಟೆವೇ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಎಡದಂಡೆ, ಬಲದಂಡೆ ಎಲ್ಲರ ಎದೆಯೂ ಡವಗುಟ್ಟಿತು. ಗೇಟಿನ ಸುದ್ದಿಯ ಅಬ್ಬರದಲ್ಲಿ ಹಳೆಯ ಸುದ್ದಿಯೊಂದು ಮರೆಯಾಯಿತು. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು 105ರ ಆಸುಪಾಸು, ಉಳಿದ ಜಾಗವೆಲ್ಲ ಹೂಳು. ಆ ಕೊರತೆ ತುಂಬಿಕೊಳ್ಳಲು ನಮ್ಮ ಪಕ್ಕದ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಮಾತು ಬಹಳ ವರ್ಷಗಳಿಂದ ನಡೆದಿದೆ. ಕಟ್ಟಲಿ, ಬಿಡಲಿ. ಅದು ತೀರ್ಮಾನವಾಗುವ ಮೊದಲೇ ತಾವರಗೇರಾ ಪಟ್ಟಣ ಪಂಚಾಯ್ತಿ ಮಾಡಬಹುದಾದ ಕೆಲಸವೊಂದಿದೆ. ರಾಯನ ಕೆರೆಗೆ ನೀರು ತರುವ ಪ್ರತಿ ಹಳ್ಳ, ಪ್ರತಿ ಕಾಲುವೆಯನ್ನು ಸರ್ವೆ ಮಾಡಿಸಿ ನಕ್ಷೆಗೇರಿಸಬೇಕು, ಆ ಜಾಗದಲ್ಲಿ ಬಡಾವಣೆಗೆ ಒಪ್ಪಿಗೆ ಕೊಡಬಾರದು, ಹೂಳಿನ ಖರ್ಚಿಗೆ ಪ್ರತಿ ವರ್ಷದ ಬಜೆಟ್ಟಿನಲ್ಲಿ ಒಂದು ಬಾಬತ್ತು ತೆಗೆದಿಡಬೇಕು. ಗುಳೆಯಿಂದ ಅಲಾಯಿಗೆ ಮರಳಿದವರಿಗೆ ಆ ಬಾಬತ್ತಿನಿಂದ ಬೇಸಿಗೆಯ ಎರಡು ತಿಂಗಳ ಕೂಲಿ ಸಿಕ್ಕರೆ, ಅವರಲ್ಲಿ ಕೆಲವರಾದರೂ ಬಸ್ಸು ಹತ್ತುವುದನ್ನು ಮುಂದೂಡಿಯಾರು.